ಮಂಡಿ ನೋವು ಬಂದರೂ ಎದೆ ಧಸಕ್ಕೆನ್ನುತ್ತದೆ

ಪ್ರಶ್ನೆ: ನಾನು ಗಂಗಾವತಿ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಟೀಚರ್. ವಯಸ್ಸು 54. ಎರಡು ವರ್ಷದ ಹಿಂದೆ ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. ಆರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಚೆಕಪ್‌ಗೆ ಹೋಗುತ್ತೇನೆ. ಡಾಕ್ಟರ್ "ಆರಾಮ ಇದ್ದೀರಿ, ಏನೂ ಇಲ್ಲ" ಅನ್ನುತ್ತಾರೆ. ಆ ಧೈರ್ಯ ಬಸ್ಸು ಕೊಪ್ಪಳ ದಾಟುವವರೆಗೆ ಇರುತ್ತದೆ, ಅಷ್ಟೇ. ಆಮೇಲೆ ಮತ್ತೆ ಶುರು. ರಾತ್ರಿ ಎದ್ದು ಕಂಕುಳು ಒತ್ತಿ ನೋಡಿಕೊಳ್ಳುತ್ತೇನೆ. ಮಂಡಿ ನೋಯ್ದರೆ ಎಲುಬಿಗೆ ಹರಡಿತೇನೋ ಅನ್ನಿಸುತ್ತದೆ. ಮನೆಯವರು "ಎಲ್ಲ ಮುಗೀತಲ್ಲ, ಯಾಕೆ ಅದನ್ನೇ ತಲೆಗೆ ಹಚ್ಕೋತಿ" ಅನ್ನುತ್ತಾರೆ. ತಮ್ಮ ವರ್ಷಕ್ಕೊಮ್ಮೆ ಇಡೀ ಮೈ ಸ್ಕ್ಯಾನ್ ಮಾಡಿಸು ಅನ್ನುತ್ತಾನೆ. ಮಗಳ ಮದುವೆ ಗೊತ್ತಾಗಿದೆ. ಸೀರೆ ಆರಿಸಲು ಕೂತರೆ, ಅಷ್ಟೊತ್ತಿಗೆ ನಾನು ಇರ್ತೀನೋ ಇಲ್ವೋ ಅನ್ನುವ ಯೋಚನೆ. ಈ ಭಯ ಯಾವಾಗ ಹೋಗುತ್ತದೆ?

ಹೆಸರು ಬೇಡ, ಗಂಗಾವತಿ ತಾಲ್ಲೂಕು

ಉತ್ತರ: ನಿಮ್ಮ ಧೈರ್ಯ ಕೊಪ್ಪಳದವರೆಗೆ ಬರುತ್ತಿತ್ತು. ನನ್ನದು ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ಲು ಬರುವಷ್ಟರಲ್ಲೇ ಖಾಲಿ. ನನಗೂ ಇದೇ ಕಾಯಿಲೆ ಬಂದು ಹೋಗಿ ಹತ್ತು ವರ್ಷದ ಮೇಲಾಯಿತು. ಬಳ್ಳಾರಿಯಲ್ಲಿ ಕೂತು ಜನರ ಕಷ್ಟ ಕೇಳುವುದೇ ನನ್ನ ಕೆಲಸ. ಆದರೂ ಮ್ಯಾಮೊಗ್ರಾಮ್ ಇರುವ ವಾರ ನಮ್ಮ ಮನೆ ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ. ಅದಕ್ಕೇ ನಿಮಗೆ ಸುಳ್ಳು ಹೇಳುವುದಿಲ್ಲ. ಈ ಭಯ ಪೂರ್ತಿ ಹೋಗುವುದಿಲ್ಲ. ಸಣ್ಣದಾಗುತ್ತದೆ. ದಿನವಿಡೀ ಕೂತಿರುವ ಬದಲು ಬಂದು ಹೋಗುವಂತಾಗುತ್ತದೆ.

ಚಿಕಿತ್ಸೆ ಮುಗಿದ ಮೇಲೆ ಭಯ ಜಾಸ್ತಿಯಾಯಿತು ಅಂತ ಎಷ್ಟೋ ಜನ ನಾಚಿಕೊಂಡು ಹೇಳುತ್ತಾರೆ. ನಾಚಿಕೆ ಯಾಕೆ? ಕೀಮೋ ನಡೆಯುವಾಗ ದಿನಾಂಕ, ಸೂಜಿ, ರಕ್ತಪರೀಕ್ಷೆ ಅಂತ ಓಡಾಟ ಇರುತ್ತದೆ. ಮನೆ ತುಂಬ ಜನ. ಎಲ್ಲ ಮುಗಿದ ಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ, ನೀವು ಮತ್ತು ನಿಮ್ಮ ಮೈ ಇಬ್ಬರೇ ಉಳಿಯುತ್ತೀರಿ. ಮೊದಲ ಸಲ ಈ ಮೈ ಒಂದು ಮಾತೂ ಹೇಳದೆ ಗಂಟು ಬೆಳೆಸಿತ್ತು. ಈಗ ಅದನ್ನು ಹೇಗೆ ನಂಬುವುದು ಅನ್ನುವುದು ನ್ಯಾಯವಾದ ಪ್ರಶ್ನೆಯೇ.

ನೀವು ಎರಡು ಕೆಲಸ ಒಟ್ಟಿಗೆ ಮಾಡುತ್ತಿದ್ದೀರಿ. ಒಂದು ಕಾವಲು, ಇನ್ನೊಂದು ಭಯ. ಎರಡನ್ನೂ ರಾತ್ರಿ ಎರಡು ಗಂಟೆಗೆ, ಒಬ್ಬರೇ ಮಾಡುತ್ತಿದ್ದೀರಿ. ಇವನ್ನು ಬಿಡಿಸಿಟ್ಟರೆ ಅರ್ಧ ಹಗುರ.

ಮೊದಲು ಕಾವಲಿನ ಮಾತು. ಮಂಡಿ ನೋವನ್ನೇ ತೆಗೆದುಕೊಳ್ಳಿ. ಲೆಟ್ರೊಜೋಲ್ ಮಾತ್ರೆ ಮೈಯಲ್ಲಿ ಈಸ್ಟ್ರೋಜೆನ್ ಕಡಿಮೆ ಮಾಡುತ್ತದೆ. ಹಾರ್ಮೋನಿನಿಂದ ಬೆಳೆಯುವ ಸ್ತನದ ಕ್ಯಾನ್ಸರ್ ಮರಳದಂತೆ ತಡೆಯಲೆಂದೇ ಅದನ್ನು ಕೊಡುವುದು. ಅದರ ಅಡ್ಡಪರಿಣಾಮಗಳಲ್ಲಿ ಕೀಲುನೋವು ತುಂಬ ಸಾಮಾನ್ಯ. ಬೆಳಿಗ್ಗೆ ಎದ್ದಾಗ ಬಿಗಿ, ಎರಡೂ ಮಂಡಿಯಲ್ಲಿ, ಬೆರಳುಗಳಲ್ಲಿ, ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲ. ನಿಮ್ಮದು ಹೀಗೇ ಇದ್ದರೆ ಅದು ಮಾತ್ರೆಯ ನೋವು ಇರುವ ಸಾಧ್ಯತೆಯೇ ಜಾಸ್ತಿ. ಈ ಸಲ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ದಿನಾ ನಡೆದರೆ ಎಷ್ಟೋ ಜನರಿಗೆ ಇದು ತಗ್ಗುತ್ತದೆ. ತಗ್ಗದಿದ್ದರೆ ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಾಯಿಸುವುದೂ ಉಂಟು. ನೋವು ಅಂತ ನೀವೇ ಮಾತ್ರೆ ಬಿಟ್ಟುಬಿಡಬೇಡಿ. ಹಾಗೆ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಹಾಗಾದರೆ ಯಾವುದಕ್ಕೆ ಹೆದರಬೇಕು? ಹೊಸ ನೋವು, ಒಂದೇ ಜಾಗದಲ್ಲಿ, ಮಲಗಿದರೂ ಬಿಡದೆ ನಿದ್ದೆಯಿಂದ ಎಬ್ಬಿಸುವಂಥದ್ದು, ಎರಡು ವಾರ ಆದರೂ ಇಳಿಯದೆ ಏರುತ್ತಲೇ ಇರುವುದು. ಬಿಡದ ಕೆಮ್ಮು, ಏದುಸಿರು. ಬಿಡದ ತಲೆನೋವು. ಕಾರಣವಿಲ್ಲದೆ ತೂಕ ಇಳಿಯುವುದು. ಇನ್ನೊಂದು ಸ್ತನದಲ್ಲಿ, ಕಂಕುಳಲ್ಲಿ, ಹೊಲಿಗೆ ಸುತ್ತ ಹೊಸ ಗಂಟು. ಇವು ಬಂದರೆ ಆರು ತಿಂಗಳ ತಾರೀಕಿಗೆ ಕಾಯಬೇಡಿ, ತಕ್ಷಣ ಫೋನ್ ಮಾಡಿ ಹೋಗಿ. ಉಳಿದದ್ದಕ್ಕೆ ಎರಡು ವಾರದ ಗಡುವು ಕೊಡಿ. ಮುಕ್ಕಾಲು ಪಾಲು ನೋವುಗಳು ಅಷ್ಟರಲ್ಲಿ ತಾವೇ ಹೊರಟುಹೋಗುತ್ತವೆ.

ಕಂಕುಳು ಒತ್ತುವುದನ್ನು ತಿಂಗಳಿಗೊಮ್ಮೆಗೆ ಇಳಿಸಿ. ಸಂಬಳದ ದಿನ, ಸ್ನಾನದ ಹೊತ್ತಿಗೆ, ಸಾಕು. ಆಪರೇಷನ್ ಆದ ಜಾಗ, ರೇಡಿಯೇಷನ್ ಕೊಟ್ಟ ಚರ್ಮ ಮೊದಲೇ ಗಟ್ಟಿ ಇರುತ್ತದೆ. ದಿನಾ ರಾತ್ರಿ ಒತ್ತಿದರೆ ದಿನಾ ಒಂದು ಹೊಸ ಗಂಟು ಸಿಕ್ಕೇ ಸಿಗುತ್ತದೆ. ಒತ್ತಿ ಒತ್ತಿ ನೋವೂ ಬರುತ್ತದೆ, ಆ ನೋವಿಗೆ ಮತ್ತೆ ಹೆದರಿಕೆ.

ನಿಮ್ಮ ತಮ್ಮನ ಕಾಳಜಿ ದೊಡ್ಡದು, ಆದರೆ ಸಲಹೆ ಬೇಡ. ಸ್ತನದ ಕ್ಯಾನ್ಸರ್ ಚಿಕಿತ್ಸೆ ಮುಗಿದವರಿಗೆ ಲಕ್ಷಣ ಏನೂ ಇಲ್ಲದಿದ್ದರೆ ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡುವುದು, ವರ್ಷಕ್ಕೊಂದು ಮ್ಯಾಮೊಗ್ರಾಮ್, ಇಷ್ಟೇ ನಿಯಮ. ಸುಮ್ನೆ ಇಡೀ ಮೈ ಸ್ಕ್ಯಾನ್ ಮಾಡಿಸಿದವರು ಅದರಿಂದ ಹೆಚ್ಚು ಕಾಲ ಬದುಕಿದರು ಅಂತ ಯಾವ ಅಧ್ಯಯನವೂ ತೋರಿಸಿಲ್ಲ. ಸ್ಕ್ಯಾನಿನಲ್ಲಿ ಏನೋ ಒಂದು ಚುಕ್ಕೆ ಕಾಣುತ್ತದೆ, ಅದಕ್ಕೆ ಇನ್ನೊಂದು ಟೆಸ್ಟ್, ಅದರ ರಿಪೋರ್ಟ್ ಬರುವವರೆಗೆ ನಿದ್ದೆ ಇಲ್ಲ. ಕೊನೆಗೆ ಹಳೇ ಟಿಬಿ ಕಲೆ. ಆ ದುಡ್ಡು ಮದುವೆಗೆ ಇರಲಿ.

ಇನ್ನು ಭಯ. ಅದಕ್ಕೆ ಒಂದು ಹೊತ್ತು ಗೊತ್ತು ಮಾಡಿ. ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ ಇಪ್ಪತ್ತು ನಿಮಿಷ. ನೋಟ್‌ಬುಕ್ ತೆಗೆದು ತಾರೀಕು ಹಾಕಿ, ಎಲ್ಲಿ ನೋವು, ಏನು ಹೆದರಿಕೆ, ಎಲ್ಲ ಬರೆಯಿರಿ. ಅಳು ಬಂದರೆ ಅಳಿ. ರಾತ್ರಿ ಎರಡಕ್ಕೆ ಅದು ಬಂದರೆ ನಾಳೆ ಸಂಜೆ ಬಾ ಅನ್ನಿ. ಕೇಳಲು ಹುಚ್ಚಾಟ ಅನ್ನಿಸುತ್ತದೆ, ಅಲ್ವಾ? ಮೊದಲ ವಾರ ಕೆಲಸ ಮಾಡುವುದೂ ಇಲ್ಲ. ಮೂರನೇ ವಾರಕ್ಕೆ ಹಿಂದಿನ ಪುಟ ತಿರುವಿ ನೋಡಿ. ಯಾವ ನೋವು ಹೋಯಿತು, ಯಾವುದು ಉಳಿಯಿತು ಅಂತ ನಿಮ್ಮ ಅಕ್ಷರದಲ್ಲೇ ಇರುತ್ತದೆ. ಉಳಿದದ್ದನ್ನು ಡಾಕ್ಟರ್ ಹತ್ತಿರ ಓದಿ. ಬರೆಯಲು ಬಾರದವರೂ ದಾರಿ ಹುಡುಕುತ್ತಾರೆ. ಸಿರುಗುಪ್ಪ ಕಡೆಯ ಒಬ್ಬ ಹೆಣ್ಣುಮಗಳು ನನಗೆ ಹೇಳಿದ್ದು: "ಎಮ್ಮಿ ಹಿಂಡೂವಾಗ ಎಲ್ಲಾ ಎಮ್ಮಿ ಮುಂದ ಹೇಳ್ತೀನ್ರೀ. ಅದು ಧೈರ್ಯ ಹೇಳಾಂಗಿಲ್ಲ, ಊರಿಗೂ ಹೇಳಾಂಗಿಲ್ಲ." ನಾನು ಕಲಿತ ಓದಿಗಿಂತ ಆಕೆಯದೇ ಮೇಲು ಅನ್ನಿಸಿತು.

ನಿಮ್ಮ ಮನೆಯವರಿಗೂ ಅಷ್ಟೇ. ಅವರೂ ಹೆದರಿದ್ದಾರೆ, ನೀವು ಅದರ ಮಾತೆತ್ತಿದರೆ ಅವರ ಭಯ ಹೊರಗೆ ಬರುತ್ತದೆ, ಅದಕ್ಕೇ ಬಾಯಿ ಮುಚ್ಚಿಸುತ್ತಾರೆ. "ಧೈರ್ಯ ಹೇಳಬೇಡಿ, ಹತ್ತು ನಿಮಿಷ ಕೇಳಿ ಸಾಕು" ಅಂತ ನೇರ ಹೇಳಿ. ಗಂಡಸರಿಗೆ ಏನು ಮಾಡಬೇಕು ಅಂತ ಬಿಡಿಸಿ ಹೇಳಿದರೆ ಮಾಡುತ್ತಾರೆ.

ಬೇರೆಯವರ ಸುದ್ದಿ ಕೇಳಿದಾಗ ಭಯ ಉಕ್ಕುವುದೂ ಸಹಜ. 2024ರ ಜುಲೈನಲ್ಲಿ ನಿರೂಪಕಿ ಅಪರ್ಣಾ ತೀರಿಕೊಂಡಾಗ ನನ್ನ ಹತ್ತಿರ ಬಂದವರೆಲ್ಲ ಅದೇ ಮಾತಾಡಿದರು. ಅವರದು ಶ್ವಾಸಕೋಶದ ಕ್ಯಾನ್ಸರ್, ಗೊತ್ತಾಗುವಾಗಲೇ ನಾಲ್ಕನೇ ಹಂತ. ನಿಮ್ಮ ಕಾಯಿಲೆ ಬೇರೆ. ಹೆಸರು ಒಂದೇ ಆದರೂ ಅಂಗ, ಹಂತ, ಔಷಧಿ ಎಲ್ಲ ಬೇರೆ. ನಿಮಗೆ ಮರಳುವ ಸಾಧ್ಯತೆ ಎಷ್ಟು ಅನ್ನುವುದನ್ನು ಪಕ್ಕದ ಮನೆಯವರನ್ನು ಕೇಳಬೇಡಿ. ಆಪರೇಷನ್ ರಿಪೋರ್ಟ್ ಹಿಡಿದು ನಿಮ್ಮ ಡಾಕ್ಟರನ್ನೇ ಕೇಳಿ. ತಿಳಿಯದೇ ಊಹಿಸುವುದಕ್ಕಿಂತ ತಿಳಿದು ಹೆದರುವುದು ಎಷ್ಟೋ ಸಲ ಕಡಿಮೆಯೇ ಇರುತ್ತದೆ.

ವಾರಗಟ್ಟಲೆ ನಿದ್ದೆ ಇಲ್ಲ, ಪಾಠ ಮಾಡಲಾಗುತ್ತಿಲ್ಲ, ಹೆದರಿ ಚೆಕಪ್ಪೇ ತಪ್ಪಿಸಿದಿರಿ, ಬದುಕೇ ಬೇಡ ಅನ್ನಿಸಿತು ಅಂದರೆ ನೋಟ್‌ಬುಕ್ಕಿನ ಮದ್ದು ಸಾಲದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸೀರೆ ಆರಿಸಿ. ಬಳೆ ಇಡಿಸಿಕೊಳ್ಳುವಾಗ ಮಾತ್ರ ಎಡಗೈಗೆ ಬಿಗಿ ಬಳೆ ಬೇಡ ಅಂತ ಬಳೆಗಾರನಿಗೆ ಹೇಳಿ. ಕಂಕುಳಿನ ಗ್ರಂಥಿ ತೆಗೆದ ಕೈ ಊದಿಕೊಳ್ಳುವುದುಂಟು. ಕೈ ಭಾರವಾಗಿ ಬಳೆ ಒತ್ತಿದರೆ ಕಾಯಿಲೆ ಮರಳಿತು ಅಂತ ಗಾಬರಿ ಬೇಡ, ಆದರೆ ಬೇಗ ತೋರಿಸಿ. ಅದಕ್ಕೆ ಮಸಾಜ್, ಪಟ್ಟಿ ಸುತ್ತುವ ಚಿಕಿತ್ಸೆ ಇದೆ.

ಪ್ರಶ್ನೆ: ಅವ್ವನಿಗೆ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಆಗಿ ಒಂದು ವರ್ಷ. ನಂಜು ಅಂತ ಬದನೆಕಾಯಿ, ಶೇಂಗಾ ಬಿಡಿಸಿದೆವು. ಈಗ ಏನು ತಿಂದರೂ ಮತ್ತೆ ಬರುತ್ತದೆ ಅಂತ ಹೆದರಿ ಅರ್ಧ ರೊಟ್ಟಿಗೆ ಏಳುತ್ತಾಳೆ. ಕಡ್ಡಿಪುಡಿ ಮಾತ್ರ ಬಿಟ್ಟಿಲ್ಲ.

ಮಾನ್ವಿಯಿಂದ ಮಗ

ಉತ್ತರ: ಬಿಡಿಸಬೇಕಾದದ್ದನ್ನು ಬಿಟ್ಟು ಬೇರೆಲ್ಲ ಬಿಡಿಸಿದ್ದೀರಲ್ಲಪ್ಪ! ಬದನೆಕಾಯಿಂದ, ಶೇಂಗಾದಿಂದ ಕ್ಯಾನ್ಸರ್ ಮರಳುವುದಿಲ್ಲ. ಬೂಸ್ಟು ಹಿಡಿದ ಶೇಂಗಾ ಯಾರಿಗೂ ಬೇಡ, ಅದು ಬೇರೆ ಮಾತು. ತಂಬಾಕು ನಿಜವಾದ ಶತ್ರು, ಕಡ್ಡಿಪುಡಿ ಅದೇ. ಬೈದು ಬಿಡಿಸಲಾಗದು. ತಂಬಾಕು ಬಿಡಲು 1800 112 356 ಸಹಾಯವಾಣಿ ಇದೆ, ನೀವೇ ಫೋನ್ ಹಚ್ಚಿ ಅವ್ವನ ಕೈಗೆ ಕೊಡಿ. ಈ ವಾರ ಎಣ್ಣೆಗಾಯಿ ಮಾಡಿಸಿ, ನೀವೂ ಜೊತೆಗೆ ಕೂತು ಉಣ್ಣಿ. ಮತ್ತೆ ರಕ್ತ ಕಂಡರೆ, ಕೆಟ್ಟ ವಾಸನೆಯ ಬಿಳಿಸೆರಗು ಹೋದರೆ, ಕಾಲು ಒಂದು ಕಡೆ ಊದಿದರೆ, ಅದು ಊಟದ ದೋಷ ಅಂತ ಕೂರಬೇಡಿ. ಚಿಕಿತ್ಸೆ ಕೊಟ್ಟ ಡಾಕ್ಟರ ಹತ್ತಿರ ಅದೇ ವಾರ ಕರೆದುಕೊಂಡು ಹೋಗಿ. ಹಳೇ ಫೈಲು ಮರೆಯಬೇಡಿ.