ಮೊಡವೆ ಮುಖ, ಮೈಸೆಲರ್ ವಾಟರ್ ಮತ್ತು ಪಟ್ಟಿಗೆ ಸೇರದ ಒಂದು ಟ್ಯೂಬ್: ಆಪ್ತಸಲಹೆ ಪ್ರಕರಣ

ಸಿಂಚನಾ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. (ಹೆಸರು ಮತ್ತು ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ; ಬರೆಯಲು ಅವಳ ಒಪ್ಪಿಗೆ ಇದೆ.) ಊರು ಹಾಸನ ಜಿಲ್ಲೆ, ವಾಸ ಬೆಂಗಳೂರಿನ ಪಿಜಿ. ಹಾಜರಾತಿ ಕಡಿಮೆ ಇದೆ, ಲ್ಯಾಬಿಗಂತೂ ಬರುವುದೇ ಇಲ್ಲ, ಬಂದ ದಿನವೂ ಮಾಸ್ಕ್ ತೆಗೆಯುವುದಿಲ್ಲ ಎಂದು ಅವಳ ಕ್ಲಾಸ್ ಟೀಚರ್ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಕಳಿಸಿದ್ದರು. ಕೂತವಳು ಕಾಲೇಜಿನ ಮಾತೇ ಎತ್ತಲಿಲ್ಲ. ಬ್ಯಾಗಿನಿಂದ ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು; ಮುಖ ಒರೆಸಿ ಶುಚಿ ಮಾಡುವ ಮೈಸೆಲರ್ ವಾಟರ್‌ಗಳ ಪಟ್ಟಿ ಅದರಲ್ಲಿತ್ತು. "ಮೇಡಂ, ಮೊಡವೆ ಇರೋ ಮುಖಕ್ಕೆ ಇದರಲ್ಲಿ ಯಾವ ಮೈಸೆಲರ್ ವಾಟರ್ ತಗೋಬೇಕು, ಅಷ್ಟು ಹೇಳಿ ಸಾಕು."

ಎಡಗಡೆ ಕಂಪನಿಗಳ ಹೆಸರು, ಮೇಲೆ ಒಂದೊಂದು ಕಾಲಮ್ಮಿಗೆ ಒಂದೊಂದು ವಸ್ತುವಿನ ಹೆಸರು. ಚರ್ಮದ ರಂಧ್ರ ಮುಚ್ಚುತ್ತದೆ ಅಂತ ಓದಿದ್ದಕ್ಕೆ ಕೆಂಪು ಇಂಕು, ಒಳ್ಳೆಯದು ಅಂತ ಓದಿದ್ದಕ್ಕೆ ಹಸಿರು. ಕೆಲವು ಚೌಕಗಳಲ್ಲಿ ಕೆಂಪಿನ ಮೇಲೆ ಹಸಿರು, ಅದರ ಮೇಲೆ ಮತ್ತೆ ಕೆಂಪು ಬಿದ್ದು ಕಾಗದ ಹರಿದಿತ್ತು.

"ವಯಸ್ಸಿಗೆ ಸಹಜ, ತಲೆ ಕೆಡಿಸ್ಕೋಬೇಡ" ಎಂಬ ಮಾತನ್ನು ಅವಳು ಮನೆಯಲ್ಲೂ ಪಿಜಿಯಲ್ಲೂ ಕೇಳಿ ಸಾಕಾಗಿದ್ದಳು. ನಾನೂ ಅದನ್ನೇ ಹೇಳಿದ್ದರೆ ಎರಡನೇ ಸಲ ಬರುತ್ತಿರಲಿಲ್ಲ. ಹಾಗಾಗಿ ಮೊದಲ ಭೇಟಿಯ ಬಹುಪಾಲು ಆ ಪಟ್ಟಿಯನ್ನೇ ಇಬ್ಬರೂ ಕೂತು ಓದಿದೆವು.

ಮೈಸೆಲರ್ ವಾಟರ್ ಅಂದರೆ ನೀರು, ಅದರಲ್ಲಿ ಸ್ವಲ್ಪ ಸರ್ಫ್ಯಾಕ್ಟಂಟ್, ಅಂದರೆ ಜಿಡ್ಡು ಬಿಡಿಸುವ ವಸ್ತು. ಅದರ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಎಣ್ಣೆ ಬೇಕು. ಪ್ರಮಾಣ ಒಂದು ಮಟ್ಟ ದಾಟಿದರೆ ಅಣುಗಳೆಲ್ಲ ಎಣ್ಣೆ ಬಯಸುವ ತುದಿಯನ್ನು ಒಳಗೆ ಮಾಡಿಕೊಂಡು ಗುಂಪುಗೂಡುತ್ತವೆ. ಆ ಗುಂಪಿಗೆ ಮೈಸೆಲ್ ಎನ್ನುತ್ತಾರೆ. ಹತ್ತಿಯಲ್ಲಿ ಒರೆಸಿದಾಗ ಸನ್‌ಸ್ಕ್ರೀನು, ಮೇಕಪ್ಪು, ಜಿಡ್ಡು ಅದರೊಳಗೆ ಸೇರಿಕೊಂಡು ಬರುತ್ತವೆ. ಇಷ್ಟೇ ಅದರ ಕೆಲಸ, ಮೊಡವೆ ವಾಸಿ ಮಾಡುವ ಕೆಲಸ ಅದಕ್ಕಿಲ್ಲ.

ಅವಳು ಹೆಚ್ಚು ಒದ್ದಾಡಿದ್ದು ಬಯೋಡರ್ಮಾ ಕಂಪನಿಯ ಸೆನ್ಸಿಬಿಯೋ ಮತ್ತು ಸೀಬಿಯಂ ನಡುವೆ. ಎರಡರಲ್ಲೂ ಕೊಳೆ ತೆಗೆಯುವುದು ಪಿಇಜಿ-6 ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಗ್ಲಿಸರೈಡ್ಸ್. ಜಿಡ್ಡು ಚರ್ಮಕ್ಕೆಂದು ಮಾರುವ ಸೀಬಿಯಂನಲ್ಲಿ ಝಿಂಕ್ ಗ್ಲುಕೋನೇಟ್, ಕಾಪರ್ ಸಲ್ಫೇಟ್ ಹೆಚ್ಚುವರಿಯಾಗಿ ಇವೆ. ಝಿಂಕ್‌ಗೆ ಎರಡೆರಡು ಹಸಿರು ಟಿಕ್ ಬಿದ್ದಿತ್ತು. "ಒರೆಸಿದ ಮೇಲೆ ಏನು ಮಾಡ್ತೀಯ?" ಎಂದು ಕೇಳಿದೆ. "ತಕ್ಷಣ ತೊಳೀತೀನಿ ಮೇಡಂ." "ಹಾಗಾದ್ರೆ ಝಿಂಕ್ ಎಷ್ಟು ಹೊತ್ತು ಇರುತ್ತೆ ಮುಖದ ಮೇಲೆ?" ಸ್ವಲ್ಪ ಹೊತ್ತು ಪಟ್ಟಿ ನೋಡಿ, ಒಂದು ಟಿಕ್ಕನ್ನು ತಾನೇ ಹೊಡೆದುಹಾಕಿದಳು.

ಇನ್ನು ಕೆಲವು ಬಾಟಲಿಗಳಲ್ಲಿ ಪೊಲೊಕ್ಸಾಮರ್ 184, ಹೆಕ್ಸಿಲೀನ್ ಗ್ಲೈಕಾಲ್ ಇದ್ದವು. ಹೆಸರು ಕೇಳಿದರೆ ಭಯವಾಗುತ್ತದೆ ಅನ್ನುವುದೊಂದೇ ಅವಕ್ಕೆ ಕೆಂಪು ಹಾಕಲು ಕಾರಣ. ಲೇಬಲ್ಲಿನಲ್ಲಿ ವಸ್ತುಗಳು ಪ್ರಮಾಣ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಬರುತ್ತವೆ, ಶೇ. 1ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು ಎಂದು ತಿಳಿಸಿದೆ. ರಂಧ್ರ ಮುಚ್ಚುವ ಗುಣಕ್ಕೆ ಸೊನ್ನೆಯಿಂದ ಐದರವರೆಗೆ ಕೊಡುವ ಅಂಕಗಳ ಮೂಲವನ್ನೂ ಹೇಳಿದೆ. ಅವುಗಳಲ್ಲಿ ಬಹಳಷ್ಟು, ಒಂದೊಂದು ವಸ್ತುವನ್ನು ಮೊಲದ ಕಿವಿಗೆ ದಿನಗಟ್ಟಲೆ ಹಚ್ಚಿ ನೋಡಿದ ಹಳೆಯ ಪರೀಕ್ಷೆಗಳಿಂದ ಬಂದವು. ಒರೆಸಿ ತೊಳೆಯುವ ನೀರಿಗೆ ಆ ಅಂಕ ಹೊಂದುವುದಿಲ್ಲ.

ಕೊನೆಗೆ ಉಳಿದದ್ದು ಮೂರೇ ಕಾಲಮ್ಮು. ಸುಗಂಧ ಇದೆಯೇ? ಡಿನೇಚರ್ಡ್ ಆಲ್ಕೊಹಾಲ್ (ಕುಡಿಯಲಾಗದಂತೆ ಮಾಡಿದ ಆಲ್ಕೊಹಾಲ್) ಇದೆಯೇ? ಕುಲುಕಿ ಬಳಸುವ, ಎಣ್ಣೆಯ ಪದರ ಇರುವ ಬಗೆಯೇ? ಮೂರಕ್ಕೂ ಇಲ್ಲ ಎನ್ನುವ ಬಾಟಲಿಯಲ್ಲಿ ಕಡಿಮೆ ಬೆಲೆಯದನ್ನು ತಗೋ ಎಂದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಆಮೇಲೆ, ಹೇಗೆ ಒರೆಸುತ್ತೀಯ ತೋರಿಸು ಎಂದೆ. ಟಿಶ್ಯೂ ಮಡಚಿ ಕೆನ್ನೆಯ ಮೂಳೆಯ ಮೇಲೆ ಒತ್ತಿ ಒತ್ತಿ ಉಜ್ಜಿದಳು. ಹತ್ತಿ ಪೂರ್ತಿ ಬೆಳ್ಳಗೆ ಬರುವವರೆಗೂ ಬಿಡುವುದಿಲ್ಲವಂತೆ. ಬೋರ್‌ವೆಲ್ ನೀರಿನ ಭಯಕ್ಕೆ ಕುಡಿಯುವ ಕ್ಯಾನ್ ನೀರಿನಲ್ಲೇ ಮುಖ ತೊಳೆಯುವುದು, ಅದಕ್ಕಾಗಿ ರೂಮ್‌ಮೇಟ್ ಜೊತೆ ಜಗಳ. ಗಡಸು ನೀರಲ್ಲಿ ಸೋಪು ಗಸಿ ಬಿಡುವುದು ನಿಜ, ಆದರೆ ಸೋಪಿಲ್ಲದ ಕ್ಲೆನ್ಸರಿಗೆ ಆ ತೊಂದರೆ ಅಷ್ಟಿಲ್ಲ, ನಲ್ಲಿ ನೀರೇ ಸಾಕು ಎಂದೆ.

ಅವಳ ಕೆನ್ನೆ ನೋಡಿದರೆ ಬರೀ ಉಜ್ಜಿದ ಕೆಂಪಿನ ಹಾಗಿರಲಿಲ್ಲ. ತೆಳು ಚರ್ಮ, ಸಣ್ಣ ಕೆಂಪು ರಕ್ತನಾಳಗಳು, ಒಂದೇ ಅಳತೆಯ ಪುಟ್ಟ ಗುಳ್ಳೆಗಳು. "ರಾತ್ರಿ ಬೇರೇನು ಹಚ್ಚುತ್ತೀಯ?" ಎಂದು ಕೇಳಿದೆ. "ಕ್ರೀಮು ಒಂದಿದೆ ಮೇಡಂ, ಆದ್ರೆ ಅದು ಮೆಡಿಕಲ್ ಶಾಪಿಂದು. ಔಷಧಿ ಅಲ್ವಾ ಅಂತ ಪಟ್ಟಿಗೆ ಹಾಕಿಲ್ಲ."

ಮುಂದಿನ ಭೇಟಿಗೆ ಟ್ಯೂಬ್ ತಂದಳು. ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ವಿಟಮಿನ್ ಎ ಬಗೆಯ ಟ್ರೆಟಿನಾಯಿನ್. ಅಕ್ಕನ ನಿಶ್ಚಿತಾರ್ಥಕ್ಕೆ ಮುಖ ಬೆಳ್ಳಗಾಗಲಿ ಎಂದು ಚಿಕ್ಕಮ್ಮ ಕೊಡಿಸಿದ್ದು. ಮೊದಲು ಮುಖ ಹೊಳೆದಿತ್ತು. ಬಿಟ್ಟರೆ ಉರಿ, ಕೆಂಪು, ಗುಳ್ಳೆ. ಹಚ್ಚಿದರೆ ಶಾಂತ. ಹೀಗೇ ವರ್ಷ ಕಳೆದಿತ್ತು. ಚೀಟಿ ಇಲ್ಲದೆ ಕೊಡಬಾರದ ಸ್ಟೀರಾಯ್ಡ್ ಕ್ರೀಮು ನಮ್ಮಲ್ಲಿ ಫೇರ್‌ನೆಸ್ ಕ್ರೀಮಿನಂತೆ ಕೈಗೆ ಸಿಗುತ್ತಿರುವುದು ನನಗೆ ತೀರ ಸಂಕಟದ ವಿಷಯ. ತೊಳೆದು ಹೋಗುವ ನೀರಿನ ಒಂದೊಂದು ವಸ್ತುವನ್ನೂ ಈ ಹುಡುಗಿ ಅಳೆದಿದ್ದಳು. ರಾತ್ರಿಯಿಡೀ ಮುಖದ ಮೇಲಿರುವ ಟ್ಯೂಬಿನ ಬಗ್ಗೆ ಮಾತ್ರ ಅವಳಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಔಷಧಿ ಬಿಡಿಸುವುದು ನನ್ನ ಕೆಲಸವಲ್ಲ. ಒಮ್ಮೆಲೇ ಬಿಟ್ಟರೆ ಮುಖ ಭುಗಿಲೇಳಬಹುದು. ಹಾಗಾಗಿ ಟ್ಯೂಬನ್ನು ಎಸೆಯದೆ ಚರ್ಮವೈದ್ಯರಿಗೆ ತೋರಿಸಲು ಹೇಳಿ, ಪತ್ರ ಕೊಟ್ಟು ಕಳಿಸಿದೆ. ಮುಟ್ಟು ಸರಿಯಾಗಿ ಆಗುತ್ತಿಲ್ಲ ಎಂದಿದ್ದಳು. ಪಿಸಿಓಎಸ್ (ಮುಟ್ಟು ಏರುಪೇರಾಗುವ, ಮೊಡವೆಯನ್ನೂ ತರಬಲ್ಲ ಹಾರ್ಮೋನ್ ತೊಂದರೆ) ಇರಬಹುದೇ ನೋಡಿ ಎಂದು ಅದನ್ನೂ ಪತ್ರದಲ್ಲಿ ಸೇರಿಸಿದೆ.

ನನ್ನ ಪಾಲಿನ ಕೆಲಸ ಬೇರೆ ಇತ್ತು. ನಿದ್ದೆ, ಊಟದ ಬಗ್ಗೆ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು, ಆದರೆ ಕೆಲವು ರಾತ್ರಿ ತುಂಬಾ ಅಳುತ್ತಾಳೆ. ಆ ಹೊತ್ತಿಗಿರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೇರೆಯವರ ಕಣ್ಣಿಗೆ ಕಾಣದ ಕೊರತೆಯನ್ನೇ ದಿನವಿಡೀ ನೋಡಿಕೊಳ್ಳುವ ಬಾಡಿ ಡಿಸ್ಮಾರ್ಫಿಕ್ ತೊಂದರೆ ಇದಲ್ಲ. ಗುಳ್ಳೆಗಳು ಎಲ್ಲರಿಗೂ ಕಾಣುತ್ತಿದ್ದವು. ಆದರೂ ಮಧ್ಯರಾತ್ರಿ ಫೋನಿನಲ್ಲಿ ಹುಡುಕಿ ಪಟ್ಟಿ ತಿದ್ದುವುದು, ಟಾರ್ಚ್ ಹಾಕಿ ಕನ್ನಡಿ ನೋಡುವುದು, ಗುಳ್ಳೆ ಚಿವುಟುವುದು ಒಂದರ ಹಿಂದೊಂದು ಬರುತ್ತಿದ್ದವು. ಹುಡುಕಿದಾಗ ಸಿಗುವ ಸಮಾಧಾನ ಬೆಳಗಾಗುವಷ್ಟರಲ್ಲಿ ಕರಗುತ್ತಿತ್ತು.

ಕೊಟ್ಟ ಸಲಹೆ ಹೀಗಿತ್ತು. ಬಾಟಲಿ ಆರಿಸಿಯಾಯಿತು, ಮುಗಿಯುವವರೆಗೆ ನೋಟ್‌ಬುಕ್ ನನ್ನ ಬೀರುವಿನಲ್ಲಿರಲಿ. ಹತ್ತಿಯನ್ನು ಸನ್‌ಸ್ಕ್ರೀನ್ ಹಚ್ಚಿದ ದಿನ ಮಾತ್ರ, ಎಣ್ಣೆಪಸೆಯ ಜಾಗದಲ್ಲಿ ಇಟ್ಟು, ಸ್ವಲ್ಪ ಹೊತ್ತು ತಡೆದು, ಮೆಲ್ಲಗೆ ಎಳೆ. ಕನ್ನಡಿಯನ್ನು ಒಂದು ಕೈಯಳತೆ ದೂರದಿಂದ, ಮುಖ ತೊಳೆಯುವಾಗ ಮಾತ್ರ ನೋಡು. ಚಿವುಟಬೇಕೆನಿಸಿದರೆ ರೂಮಿನಿಂದ ಹೊರಗೆ ಹೋಗು. ಅಮ್ಮ ಹೇಳಿದ ನಿಂಬೆರಸ, ಕಡಲೆಹಿಟ್ಟು ಸದ್ಯಕ್ಕೆ ಬೇಡ. ಲ್ಯಾಬಿನಲ್ಲಿ ಮೊದಲ ವಾರ ಮಾಸ್ಕ್ ಇರಲಿ, ಆಮೇಲೆ ಪಾರ್ಟ್‌ನರ್ ಒಬ್ಬಳ ಮುಂದೆ ತೆಗೆ.

ಸ್ಟೀರಾಯ್ಡ್ ಹಾನಿ ಎಂದು ವೈದ್ಯರು ಹೇಳಿದರು. ಬಿಡಿಸುವ ವಾರಗಳು ಬಹಳ ಕಷ್ಟವಾದವು. ಮುಖ ಊದಿಕೊಂಡಿತ್ತು. "ಒಂದೇ ಒಂದು ರಾತ್ರಿ ಹಚ್ತೀನಿ ಮೇಡಂ, ನಾಳೆ ಇಂಟರ್ನಲ್ಸ್ ಇದೆ" ಎಂದು ಫೋನು ಮಾಡಿದಳು. ಟ್ಯೂಬನ್ನು ರೂಮ್‌ಮೇಟ್ ಕೈಗೆ ಕೊಡಿಸಿದೆ, ವೈದ್ಯರಿಗೆ ಫೋನ್ ಮಾಡಿಸಿದೆ, ಪರೀಕ್ಷೆಗೆ ಕೊನೆಯ ಬೆಂಚಿನಲ್ಲಿ ಕೂರಲು ಟೀಚರ್ ಹತ್ತಿರ ಕೇಳಿಕೊಂಡೆ. ಬರೆದಳು.

ಈಗ ಕೆಂಪು ಇಳಿದಿದೆ, ಮೊಡವೆ ಪೂರ್ತಿ ಹೋಗಿಲ್ಲ. ಲ್ಯಾಬಿಗೆ ಬರುತ್ತಾಳೆ. "ಮುಖ ಹೀಗಿದ್ರೆ ಯಾರು ಒಪ್ತಾರೆ" ಎಂದು ವಾರಕ್ಕೊಮ್ಮೆ ಕೇಳುವ ಚಿಕ್ಕಮ್ಮನ ಜೊತೆ ಮಾತಾಡುವುದು ಬಾಕಿ ಇದೆ. ಮುಂದಿನ ತಿಂಗಳು ಅಮ್ಮನನ್ನು, ಚಿಕ್ಕಮ್ಮನನ್ನು ಒಟ್ಟಿಗೇ ಬರಹೇಳಿದ್ದೇನೆ.