ನೂರು ವರ್ಷ ಕಳೆದರೂ ಟರ್ಕಿ ಒಪ್ಪಿಕೊಳ್ಳದಿರುವುದೇಕೆ?

ಪ್ರಶ್ನೆ: ಅರ್ಮೇನಿಯನ್ನರ ನರಮೇಧ ನಡೆದು ನೂರು ವರ್ಷಗಳ ಮೇಲಾಯಿತು. ಕೊಲ್ಲಿಸಿದವರೂ ಇಲ್ಲ, ಅವರು ಆಳುತ್ತಿದ್ದ ಆಟೊಮನ್ ಸಾಮ್ರಾಜ್ಯವೂ ಇಲ್ಲ. ಆದರೂ ಇಂದಿನ ಟರ್ಕಿ ಸರ್ಕಾರ ಅದನ್ನು ಏಕೆ ನಿರಾಕರಿಸುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಮ್ರಾಜ್ಯ ಅಳಿದರೂ ಅದನ್ನು ನಡೆಸುತ್ತಿದ್ದವರಲ್ಲಿ ಅನೇಕರು ಹೊಸ ಗಣರಾಜ್ಯದಲ್ಲಿ ಅಧಿಕಾರ ಹಿಡಿದರು. ನಿರಾಕರಣೆಯ ಬೇರು ಇರುವುದು ಅಲ್ಲಿ.

1915ರ ಏಪ್ರಿಲ್ 24ರ ರಾತ್ರಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇಂದಿನ ಇಸ್ತಾಂಬುಲ್) ಸಾಮ್ರಾಜ್ಯದ ಕ್ರೈಸ್ತ ಅಲ್ಪಸಂಖ್ಯಾತರಾದ ಅರ್ಮೇನಿಯನ್ನರ ಲೇಖಕರನ್ನೂ ಮುಖಂಡರನ್ನೂ ಬಂಧಿಸಲಾಯಿತು. ಮುಂದಿನ ತಿಂಗಳು ಗಡಿಪಾರಿನ ಕಾನೂನು ಬಂತು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಜನರನ್ನು ಸಿರಿಯಾದ ಮರುಭೂಮಿಯ ಕಡೆಗೆ ಅಟ್ಟಲಾಯಿತು. ಸತ್ತವರು 6 ಲಕ್ಷದಿಂದ 15 ಲಕ್ಷದವರೆಗೆ ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಅದು ಯುದ್ಧಕಾಲದ ಸ್ಥಳಾಂತರವಾಗಿತ್ತು, ಎರಡೂ ಕಡೆಯವರು ಸತ್ತರು, ಒಂದು ಜನಾಂಗವನ್ನು ಅಳಿಸುವ ಉದ್ದೇಶ ಇರಲಿಲ್ಲ ಎಂಬುದು ಟರ್ಕಿಯ ಅಧಿಕೃತ ವಾದ.

ಆದರೆ ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಆಟೊಮನ್ ಸರ್ಕಾರವೇ ಇಸ್ತಾಂಬುಲ್‌ನಲ್ಲಿ ವಿಚಾರಣೆ ನಡೆಸಿ, 1919ರಲ್ಲಿ, ಯುದ್ಧಕಾಲದಲ್ಲಿ ಸಾಮ್ರಾಜ್ಯವನ್ನು ಆಳುತ್ತಿದ್ದ ತಲಾತ್, ಎನ್ವರ್, ಜೆಮಾಲ್ ಪಾಷಾರಿಗೆ ಅವರ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತ್ತು. ಅದೇ ವರ್ಷ ಕೆಮಾಲ್ ಎಂಬ ಜಿಲ್ಲಾ ಮಟ್ಟದ ಅಧಿಕಾರಿಯನ್ನು ಇದೇ ಅಪರಾಧಕ್ಕಾಗಿ ಗಲ್ಲಿಗೇರಿಸಲಾಯಿತು. 1922ರಲ್ಲಿ ಅಂಕಾರಾದ ಹೊಸ ಸಂಸತ್ತು ಅದೇ ಕೆಮಾಲ್‌ನನ್ನು ರಾಷ್ಟ್ರೀಯ ಹುತಾತ್ಮನೆಂದು ಘೋಷಿಸಿತು. ಆದ್ದರಿಂದ ಇದನ್ನು ತಿಳಿಯದೆ ಮಾಡಿದ ನಿರಾಕರಣೆ ಎನ್ನಲು ನನಗೆ ಸಾಧ್ಯವಿಲ್ಲ. ತಿಳಿದಿದ್ದವರೇ ನಡುವೆ ನಿಲುವು ಬದಲಿಸಿದರು.

ಬದಲಿಸಲು ಕಾರಣವೂ ಇತ್ತು. 1915ರಲ್ಲಿ ಗಡಿಪಾರನ್ನು ನಡೆಸುತ್ತಿದ್ದ ವಲಸಿಗರ ವಸತಿ ಇಲಾಖೆಯ ಮುಖ್ಯಸ್ಥ ಶುಕ್ರು ಕಾಯಾ 1927ರಿಂದ 1938ರವರೆಗೆ ಗಣರಾಜ್ಯದ ಗೃಹ ಸಚಿವನಾಗಿದ್ದ. ಇನ್ನೊಂದು ಕಾರಣ ಆಸ್ತಿ. ಅರ್ಮೇನಿಯನ್ನರ ಮನೆ, ಹೊಲ, ಅಂಗಡಿಗಳನ್ನು ‘ತೊರೆದುಹೋದ ಆಸ್ತಿ’ ಎಂದು ವಶಪಡಿಸಿಕೊಂಡು ಹಂಚಲಾಗಿತ್ತು. ಅಂಕಾರಾದಲ್ಲಿ 2014ರವರೆಗೆ ಅಧ್ಯಕ್ಷರ ನಿವಾಸವಾಗಿದ್ದ ಚಾಂಕಾಯಾ ಬಂಗಲೆಯೇ ಮೊದಲು ಕಸಾಬಿಯಾನ್ ಎಂಬ ಅರ್ಮೇನಿಯನ್ ಕುಟುಂಬದ್ದು. ನರಮೇಧವೆಂದು ಒಪ್ಪಿದ ಮರುದಿನವೇ ಪರಿಹಾರದ ಪ್ರಶ್ನೆ ಏಳುತ್ತದೆ, ಆ ಭಯ ಇಂದಿಗೂ ಇದೆ.

ಯಹೂದಿಗಳ ನರಮೇಧವನ್ನು ಜರ್ಮನಿ ಒಪ್ಪಿಕೊಳ್ಳಲಿಲ್ಲವೇ ಎಂದು ಕೇಳಬಹುದು. ಜರ್ಮನಿ ಸಂಪೂರ್ಣವಾಗಿ ಸೋತು ಪರರ ಸೇನೆಯ ಕೈಯಲ್ಲಿತ್ತು. ಪಶ್ಚಿಮ ಜರ್ಮನಿಯ ಹೊಸ ಸರ್ಕಾರಕ್ಕೆ ನಾಜಿಗಳಿಂದ ದೂರ ಸರಿಯದೆ ಲೋಕದಲ್ಲಿ ಮಾನ್ಯತೆ ಸಿಗುವಂತಿರಲಿಲ್ಲ. ಟರ್ಕಿ ಗಣರಾಜ್ಯವಾದರೋ ಮೊದಲ ಮಹಾಯುದ್ಧದ ನಂತರ ಗೆದ್ದ ಸ್ವಾತಂತ್ರ್ಯ ಯುದ್ಧದಿಂದ ಹುಟ್ಟಿದ್ದು, ಶಾಲೆಯಲ್ಲಿ ಮಕ್ಕಳು ಓದುವುದು ಆ ಗೆಲುವಿನ ಕಥೆಯನ್ನು. ಅದರ ನಾಯಕರಲ್ಲಿ ಕೆಲವರು ಕೊಲೆಗಡುಕರೆಂದು ಹೇಳಲು ಯಾವ ಪಕ್ಷದ ಸರ್ಕಾರಕ್ಕೂ ಚುನಾವಣೆಯ ಲಾಭವಿಲ್ಲ.

2014ರಲ್ಲಿ ಆಗಿನ ಪ್ರಧಾನಿ ಎರ್ಡೊಗಾನ್ ಮೃತರ ಮೊಮ್ಮಕ್ಕಳಿಗೆ ಸಂತಾಪ ಸೂಚಿಸಿದರು. ಅದು ಸಣ್ಣ ಹೆಜ್ಜೆಯೇನಲ್ಲ, ಆದರೆ ಕೊಂದವರು ಯಾರೆಂಬುದು ಅದರಲ್ಲಿ ಇರಲಿಲ್ಲ. 2021ರಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ ನರಮೇಧವೆಂದು ಕರೆದಾಗ ಟರ್ಕಿ ಅದನ್ನು ತಿರಸ್ಕರಿಸಿತು. ಹೊರಗಿನವರ ಘೋಷಣೆಗಳಿಗಿಂತ ಒಳಗಿನವರ ಧೈರ್ಯವನ್ನು ನಾನು ಹೆಚ್ಚು ನಂಬುತ್ತೇನೆ. ಟರ್ಕಿಯ ಅರ್ಮೇನಿಯನ್ ಪತ್ರಕರ್ತ ಹ್ರಾಂಟ್ ಡಿಂಕ್ ಈ ವಿಷಯವಾಗಿ ಬರೆದುದಕ್ಕೆ ‘ಟರ್ಕರಿಗೆ ಅವಮಾನ’ ಮಾಡಿದ ಆರೋಪದಲ್ಲಿ ಶಿಕ್ಷೆಗೊಳಗಾಗಿ, 2007ರ ಜನವರಿಯಲ್ಲಿ ತನ್ನ ಪತ್ರಿಕಾ ಕಚೇರಿಯ ಎದುರೇ ಗುಂಡಿಗೆ ಬಲಿಯಾದಾಗ, ಅಂತ್ಯಯಾತ್ರೆಗೆ ಬಂದ ಸಾವಿರಾರು ಟರ್ಕರು ‘ನಾವೆಲ್ಲ ಅರ್ಮೇನಿಯನ್ನರು’ ಎಂಬ ಫಲಕ ಹಿಡಿದು ನಡೆದರು.