ಸೈಲೆನ್ಸರ್‌ನ ಒಳಭಾಗ ತೆಗೆಸಿದರೆ ಬೈಕಿನ ಶಕ್ತಿ ಹೆಚ್ಚುತ್ತದೆಯೇ?

ಸಾಮಾನ್ಯವಾಗಿ ಹೆಚ್ಚುವುದು ಸದ್ದು ಮಾತ್ರ. ಹೊಗೆ ಸಲೀಸಾಗಿ ಹೊರಹೋದಷ್ಟೂ ಎಂಜಿನ್ ಚುರುಕಾಗುತ್ತದೆ ಎಂಬ ನಂಬಿಕೆಯಲ್ಲಿರುವುದು ಅರ್ಧ ಸತ್ಯ.

ಸಿಲಿಂಡರಿನಿಂದ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದೊಡನೆ ಅನಿಲದ ಜೊತೆಗೆ ಒತ್ತಡದ ಅಲೆಯೊಂದು ಕೊಳವೆಯೊಳಗೆ ಹೊರಡುತ್ತದೆ. ಕೊಳವೆ ಅಗಲವಾಗುವಲ್ಲಿ ಅದರ ಒಂದು ಭಾಗ ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಒಳಬಿಡುವ ಮತ್ತು ಹೊರಬಿಡುವ ಎರಡೂ ವಾಲ್ವ್‌ಗಳು ತುಸು ತೆರೆದಿರುವ ಕ್ಷಣದಲ್ಲಿಯೇ ಅದು ಸಿಲಿಂಡರನ್ನು ತಲುಪಿದರೆ, ಉಳಿದ ಹೊಗೆಯನ್ನು ಹೊರಗೆಳೆದು ಗಾಳಿ-ಪೆಟ್ರೋಲಿನ ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಕೊಳವೆಯ ಉದ್ದ ಬದಲಾದರೆ ಈ ಹೊಂದಾಣಿಕೆ ಬೇರೆ ಆರ್‌ಪಿಎಂಗೆ ಸರಿಯುತ್ತದೆ. ಪೇಟೆಯ ಓಡಾಟದಲ್ಲಿ ಬೇಕಾದ ಎಳೆತವೇ ಕುಗ್ಗಬಹುದು.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂಥ ಟೂ-ಸ್ಟ್ರೋಕ್ ಬೈಕುಗಳಿಗೆ ಎಕ್ಸಾಸ್ಟ್ ವಾಲ್ವೇ ಇಲ್ಲವಾದ್ದರಿಂದ ಕೊಳವೆಯ ಆಕಾರದ ಪಾತ್ರ ಇನ್ನೂ ದೊಡ್ಡದು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಸಂಸ್ಥೆಯ ವಾಲ್ಟರ್ ಕಾಡೆನ್ ರೇಸ್ ಬೈಕುಗಳಿಗಾಗಿ ಪಳಗಿಸಿದ ಹೊಟ್ಟೆಯುಬ್ಬಿದ ಕೊಳವೆಯಲ್ಲಿ, ಅಗಲವಾಗುತ್ತ ಹೋಗುವ ಭಾಗ ಹೊಗೆಯನ್ನು ಸೆಳೆಯುತ್ತದೆ. ಕಿರಿದಾಗುವ ಭಾಗದಿಂದ ಮರಳುವ ಅಲೆಯು, ಹೊರಗೆ ಸೋರಿದ ಹೊಸ ಮಿಶ್ರಣವನ್ನು ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೊರಹೋಗುವ ಕಿಂಡಿ) ಮುಚ್ಚುವ ಮುನ್ನ ಒಳಕ್ಕೆ ತಳ್ಳುತ್ತದೆ.

ಸದ್ದನ್ನು ತಗ್ಗಿಸುವ ಕೆಲಸ ಸೈಲೆನ್ಸರ್‌ನದು. ಅದರೊಳಗಿನ ಕೋಣೆಗಳು ಅಲೆಗಳನ್ನು ಒಂದಕ್ಕೊಂದು ಎದುರಾಗಿಸಿ ಕುಂದಿಸುತ್ತವೆ. ಕೆಲವು ವಿನ್ಯಾಸಗಳಲ್ಲಿ, ತೂತುಕೊಳವೆಯ ಸುತ್ತ ತುಂಬಿದ ಗಾಜಿನ ನಾರು ಕೀರಲು ಸದ್ದನ್ನು ಹೀರಿಕೊಳ್ಳುತ್ತದೆ. ಇವು ಹರಿವಿಗೆ ಒಂದಿಷ್ಟು ತಡೆ ಒಡ್ಡುತ್ತವೆ, ನಿಜ. ಆದರೆ ಕಂಪನಿಯವರು ಇಂಧನದ ಪ್ರಮಾಣವನ್ನು ಆ ತಡೆಯನ್ನು ಲೆಕ್ಕಕ್ಕೆ ಹಿಡಿದೇ ನಿಗದಿಪಡಿಸಿರುತ್ತಾರೆ.